ಹೊಸ ಸ್ಪ್ರಿಂಗ್, ಹೊಸ ಅಲಾಯ್, ಹೊಸ ತಲೆನೋವು: ಅಲೈನ್‌ಮೆಂಟ್ ಅಂಗಡಿಗೆ ಹೋಗುವ ಮುಂಚೆ ಏನೇನು ನೋಡಬೇಕು

ಕಾರಿನ ಎತ್ತರ ತಗ್ಗಿಸುವ ಲೋವರಿಂಗ್ ಸ್ಪ್ರಿಂಗ್ ಹಾಕಿಸಿದ್ದಾಯ್ತು, 16 ಇಂಚಿನ ಅಲಾಯ್ ವೀಲ್ ಕೂರಿಸಿದ್ದಾಯ್ತು, ಫೋಟೋ ತೆಗೆದು ಸ್ಟೇಟಸ್‌ಗೆ ಹಾಕಿದ್ದೂ ಆಯ್ತು. ಕಾರು ನೋಡೋಕೆ ಚೆನ್ನಾಗಿದೆ. ಓಡಿಸೋಕೆ ಮಾತ್ರ ಯಾಕೋ ಮೊದಲಿನ ಹಾಗಿಲ್ಲ. ಹೈವೇಯಲ್ಲಿ ಅತ್ತಿತ್ತ ಅಲೆಯುತ್ತದೆ. ಬ್ರೇಕ್ ಒತ್ತಿದರೆ ಒಂದು ಕಡೆ ಎಳೆಯುತ್ತದೆ. 90 ದಾಟಿದರೆ ಸ್ಟೀರಿಂಗ್ ನಡುಗುತ್ತದೆ. ಇಲ್ಲವೇ ತಿರುವು ಮುಗಿದ ಮೇಲೂ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ.

ಇಂಥ ಹೊತ್ತಿನಲ್ಲಿ ಹೆಚ್ಚಿನವರು ಮೊದಲು ಹೋಗುವುದು ಚಕ್ರಗಳ ಕೋನ ಹೊಂದಿಸುವ ವೀಲ್ ಅಲೈನ್‌ಮೆಂಟ್ ಅಂಗಡಿಗೆ. ದುಡ್ಡು ಕೊಡುತ್ತಾರೆ, ಶೀಟ್‌ನಲ್ಲಿ ಎಲ್ಲ ಅಂಕಿಯೂ ಹಸಿರು ಬರುತ್ತದೆ, ಕಾರು ಮಾತ್ರ ಹಾಗೇ ಎಳೆಯುತ್ತಿರುತ್ತದೆ. ಕಾರಣ ಸರಳ. ಸಸ್ಪೆನ್ಶನ್‌ನ ರಬ್ಬರ್ ಬುಶ್ ತಿರುಚಿಕೊಂಡಿದ್ದರೆ, ಸ್ಪ್ರಿಂಗ್ ಸೀಟಿನಲ್ಲಿ ಸರಿಯಾಗಿ ಕೂತಿಲ್ಲದಿದ್ದರೆ, ವೀಲ್ ತಾನು ಕೂರುವ ಹಬ್‌ನ ನಡುವಿಗೆ ಬಂದಿಲ್ಲದಿದ್ದರೆ, ಅಲೈನ್‌ಮೆಂಟ್ ಮೆಶಿನ್ ಆ ತಪ್ಪಿನ ಮೇಲೇ ಲೆಕ್ಕ ಹಾಕುತ್ತದೆ. ಅದಕ್ಕೇ ಅಲೈನ್‌ಮೆಂಟ್ ಕೊನೆಗೆ. ಅದಕ್ಕೂ ಮುಂಚೆ ನೋಡಬೇಕಾದ್ದು ಬಹಳ ಇದೆ, ಅದರಲ್ಲಿ ಅರ್ಧಕ್ಕರ್ಧ ಬಿಟ್ಟಿ ಕೆಲಸ.

ಇಲ್ಲಿ ಹೇಳುವುದೆಲ್ಲ ಸ್ವಿಫ್ಟ್, ಬಲೆನೋ, ಐ20, ಪೋಲೋ, ಸಿಟಿ ಥರದ ಕಾರುಗಳಿಗೆ. ಅಂದರೆ ಮುಂದಿನ ಚಕ್ರಕ್ಕೆ ಪವರ್, ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಎರಡೂ ಸೇರಿದ ಕಂಬ), ಹಿಂದೆ ಟಾರ್ಶನ್ ಬೀಮ್ (ಹಿಂದಿನ ಎರಡೂ ಚಕ್ರ ಜೋಡಿಸುವ ಅಡ್ಡ ತೊಲೆ). ದೊಡ್ಡ ಜೀಪು, ಎಸ್‌ಯುವಿಗಳ ಕಥೆ ಸ್ವಲ್ಪ ಬೇರೆ.

ತೊಂದರೆ ಯಾವಾಗ ಬರುತ್ತದೆ ಅಂತ ಬರೆದಿಡಿ

"ಕಾರು ಸರಿ ಇಲ್ಲ" ಅಂದರೆ ಯಾವ ಮೆಕ್ಯಾನಿಕ್‌ಗೂ ಏನೂ ಗೊತ್ತಾಗುವುದಿಲ್ಲ. ಯಾವ ಸ್ಪೀಡಿನಲ್ಲಿ? ಬ್ರೇಕ್ ಹಾಕಿದಾಗ ಮಾತ್ರವೇ? ಆಕ್ಸಿಲರೇಟರ್ ಒತ್ತಿದಾಗ ಮಾತ್ರವೇ? ಎಡ ತಿರುವಿನಲ್ಲೋ ಬಲ ತಿರುವಿನಲ್ಲೋ? ಹಂಪ್ ಮೇಲೋ? ನಡುಗುವುದು ಸ್ಟೀರಿಂಗೋ, ಕೂತಿರುವ ಸೀಟೋ? ಇಷ್ಟಕ್ಕೆ ಉತ್ತರ ಇದ್ದರೆ ಅರ್ಧ ಕೆಲಸ ಮುಗಿದ ಹಾಗೇ.

ಜೊತೆಗೆ ಏನೇನು ಬದಲಾಯ್ತು ಅನ್ನುವ ಪಟ್ಟಿಯೂ ಬೇಕು. ಸ್ಪ್ರಿಂಗ್ ಮಾತ್ರವೇ, ಶಾಕ್ ಅಬ್ಸಾರ್ಬರ್ ಕೂಡವೇ? ಹಳೇ ಟೈರ್ ಸೈಜ್ ಎಷ್ಟು, ಹೊಸದು ಎಷ್ಟು? ವೀಲ್ ಅಗಲ, ಆಫ್‌ಸೆಟ್ ಎಷ್ಟು? ಆಫ್‌ಸೆಟ್, ಅಂದರೆ ವೀಲ್‌ನ ನಡುಗೆರೆಯಿಂದ ಹಬ್‌ಗೆ ತಾಗುವ ಮುಖ ಎಷ್ಟು ದೂರ ಇದೆ ಅನ್ನುವುದು, ಸಾಮಾನ್ಯವಾಗಿ ವೀಲ್‌ನ ಒಳಮೈಯಲ್ಲಿ "ಇಟಿ" ಅಂತ ಕೊರೆದಿರುತ್ತದೆ. ಬಿಲ್‌ನಲ್ಲಿ ಏನು ಬರೆದಿದ್ದಾರೆ ಅನ್ನುವುದಕ್ಕಿಂತ ವೀಲ್ ಮೇಲೆ ಏನಿದೆ ಅನ್ನುವುದನ್ನು ನಂಬಿ.

ಆಮೇಲೆ ಒಂದು ಟೆಸ್ಟ್ ಡ್ರೈವ್. ಖಾಲಿ ಇರುವ, ಸಮತಟ್ಟಾದ ರಸ್ತೆ ಆರಿಸಿಕೊಳ್ಳಿ. ನೆನಪಿರಲಿ, ಮಳೆ ನೀರು ಹರಿದುಹೋಗಲಿ ಅಂತ ನಮ್ಮ ರಸ್ತೆಗಳನ್ನು ನಡುವೆ ಎತ್ತರ ಮಾಡಿ, ಎಡ ಅಂಚಿಗೆ ಇಳಿಜಾರು ಕೊಟ್ಟಿರುತ್ತಾರೆ. ಸ್ಟೀರಿಂಗ್ ಸಡಿಲವಾಗಿ ಹಿಡಿದಾಗ ಕಾರು ನಿಧಾನಕ್ಕೆ ಎಡಕ್ಕೆ ಸರಿದರೆ ಅದು ರಸ್ತೆಯ ಗುಣ, ಕಾರಿನ ದೋಷ ಅಲ್ಲ. ಓರೆ ಬೇರೆ ಬೇರೆ ಥರ ಇರುವ ಕಡೆಗಳಲ್ಲಿ ಓಡಿಸಿ ನೋಡಿ. ರಸ್ತೆಯ ಓರೆ ಹೇಗಿದ್ದರೂ ಒಂದೇ ಕಡೆ ಎಳೆದರೆ ಆಗ ತಲೆಕೆಡಿಸಿಕೊಳ್ಳಿ. ಅಗಲ ಟೈರ್ ಹಾಕಿದ ಮೇಲೆ ಈ ಓರೆಯ ಪರಿಣಾಮ ಮೊದಲಿಗಿಂತ ಜಾಸ್ತಿ ಗೊತ್ತಾಗುತ್ತದೆ. ಲಾರಿಗಳು ಓಡಿ ಗಾಡಿಜಾಡು ಬಿದ್ದಿರುವ ಕಡೆ ಸ್ಟೀರಿಂಗ್ ತಾನೇ ಆ ಜಾಡು ಹಿಡಿಯಲು ನೋಡುತ್ತದೆ. ಇದು ಅಗಲ ಟೈರ್‌ನ ಸ್ವಭಾವ, ರಿಪೇರಿ ಮಾಡಿಸುವಂಥದ್ದಲ್ಲ.

ಗಾಳಿ

ಬೇಜಾರು ಮಾಡ್ಕೋಬೇಡಿ, ಇದನ್ನು ಹೇಳಲೇಬೇಕು. ಟೈರ್ ಅಂಗಡಿಯವರು ರಿಮ್‌ಗೆ ಟೈರ್ ಕೂರಿಸುವಾಗ ಜಾಸ್ತಿ ಗಾಳಿ ಹಿಡಿಸುತ್ತಾರೆ. ಆಮೇಲೆ ಇಳಿಸುವುದನ್ನು ಮರೆಯುತ್ತಾರೆ. ಒಂದರಲ್ಲಿ 42, ಇನ್ನೊಂದರಲ್ಲಿ 34 ಪಿಎಸ್‌ಐ ಇದ್ದರೆ ಕಾರು ಎಳೆಯದೆ ಇನ್ನೇನು ಮಾಡುತ್ತದೆ? ಕಾರು ರಾತ್ರಿಯೆಲ್ಲ ನಿಂತು ಟೈರ್ ತಣ್ಣಗಿರುವಾಗ, ನಿಮ್ಮದೇ ಗೇಜ್ ಇಟ್ಟು ನಾಲ್ಕನ್ನೂ ನೋಡಿ. ಡ್ರೈವರ್ ಬಾಗಿಲಿನ ಹತ್ತಿರ ಅಂಟಿಸಿರುವ ಸ್ಟಿಕ್ಕರ್‌ನಲ್ಲಿರುವ ಅಂಕಿಯಿಂದ ಶುರು ಮಾಡಿ.

ಹೊಸ ಟೈರ್ ಸೈಜ್ ಹಳೆಯದಕ್ಕೆ ಹೊಂದುತ್ತದೆಯೇ ಅನ್ನುವುದನ್ನೂ ಇಲ್ಲೇ ನೋಡಿಬಿಡಿ. 185/65 ಆರ್15 ಟೈರ್‌ನ ಎತ್ತರ ಸುಮಾರು 621 ಮಿ.ಮೀ. 195/55 ಆರ್16 ಕೂಡ ಸುಮಾರು 621. ಸರಿಹೋಯ್ತು. 205/55 ಆರ್16 ಆದರೆ 632, ಸ್ವಲ್ಪ ದೊಡ್ಡದು, ಬಹಳಷ್ಟು ಕಾರುಗಳಲ್ಲಿ ನಡೆಯುತ್ತದೆ. 205/65 ಆರ್15 ಆದರೆ 647. ಅಲ್ಲಿಗೆ ಸ್ಪೀಡೋಮೀಟರ್ ನಿಜಕ್ಕಿಂತ ಕಡಿಮೆ ತೋರಿಸುತ್ತದೆ, ತಿರುವಿನಲ್ಲಿ ಟೈರ್ ಒಳಗೆ ಉಜ್ಜುವ ಸಾಧ್ಯತೆಯೂ ಇದೆ. ಲೋಡ್ ಇಂಡೆಕ್ಸ್ ಕೂಡ ನೋಡಿ. 88 ಅಂದರೆ ಒಂದು ಟೈರ್ 560 ಕೆ.ಜಿ. ಹೊರುತ್ತದೆ, 84 ಅಂದರೆ 500. ಕಾರಿನ ಜೊತೆ ಬಂದದ್ದಕ್ಕಿಂತ ಕಡಿಮೆ ಇಂಡೆಕ್ಸ್‌ನ ಟೈರ್ ಹಾಕಬೇಡಿ. ನಾಲ್ಕು ಜನ, ಮೇಲೆ ಲಗೇಜು ಇಟ್ಟುಕೊಂಡು ಊರಿಗೆ ಹೊರಟಾಗ ಅದರ ಬೆಲೆ ಗೊತ್ತಾಗುತ್ತದೆ.

ಹಳೇ ವೀಲ್ ಹಾಕಿ ನೋಡಿ

ಇಡೀ ಲೇಖನದಲ್ಲಿ ಒಂದೇ ಒಂದು ಕೆಲಸ ಮಾಡುತ್ತೀರಾದರೆ ಇದನ್ನು ಮಾಡಿ. ಹಳೇ ವೀಲ್, ಟೈರ್ ಸೆಟ್ಟನ್ನು ಹಾಗೇ ಮತ್ತೆ ಹಾಕಿ, ಅದೇ ರಸ್ತೆಯಲ್ಲಿ, ಅದೇ ಸ್ಪೀಡಿನಲ್ಲಿ ಓಡಿಸಿ. ತೊಂದರೆ ಮಾಯವಾದರೆ ಅದು ವೀಲ್ ಅಥವಾ ಟೈರ್‌ದು. ಹಾಗೇ ಇದ್ದರೆ ಸಸ್ಪೆನ್ಶನ್‌ದು. ಒಂದು ಗಂಟೆಯ ಕೆಲಸದಲ್ಲಿ ಹುಡುಕುವ ಜಾಗ ಅರ್ಧಕ್ಕೆ ಇಳಿಯುತ್ತದೆ. ಇದಕ್ಕಾಗಿಯೇ ಹೊಸ ಅಲಾಯ್ ಬಂದ ಕೂಡಲೇ ಹಳೆಯದನ್ನು ಎಕ್ಸ್‌ಚೇಂಜ್‌ಗೆ ಕೊಡಬೇಡಿ ಅನ್ನುವುದು. ಅಂಗಡಿಯವನು ಅದಕ್ಕೆ ಕೊಡುವ ದುಡ್ಡೂ ಅಷ್ಟರಲ್ಲೇ ಇರುತ್ತದೆ.

ಒಂದು ಎಚ್ಚರಿಕೆ. ಕಂಪನಿಯ ಸ್ಟೀಲ್ ವೀಲ್‌ನ ನಟ್ಟು ಬೇರೆ, ಅಲಾಯ್‌ನ ನಟ್ಟು ಬೇರೆ ಇರಬಹುದು. ಹಳೇ ವೀಲ್‌ಗೆ ಹಳೇ ನಟ್ಟನ್ನೇ ಬಳಸಿ.

ಹಳೇ ವೀಲ್ ಮಾರಿ ಆಗಿದ್ದರೆ ಇನ್ನೊಂದು ದಾರಿ ಇದೆ. ಮುಂದಿನ ಎರಡು ವೀಲ್‌ಗಳನ್ನು ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿ. ಎಡಕ್ಕೆ ಎಳೆಯುತ್ತಿದ್ದ ಕಾರು ಈಗ ಬಲಕ್ಕೆ ಎಳೆದರೆ ಟೈರ್‌ನೊಳಗಿನ ಪದರವೇ ಓರೆ ಇದೆ ಅಂತ ಅರ್ಥ. ಹೊಸ ಟೈರ್‌ನಲ್ಲೂ ಹೀಗಾಗುತ್ತದೆ, ಅಲೈನ್‌ಮೆಂಟ್‌ನಿಂದ ಅದು ಹೋಗುವುದಿಲ್ಲ. ಬಾಣದ ಗುರುತು ಇರುವ, ಒಂದೇ ದಿಕ್ಕಿಗೆ ತಿರುಗಬೇಕಾದ ಟೈರ್ ಆದರೆ ಈ ಪರೀಕ್ಷೆಯನ್ನು ಒಣ ರಸ್ತೆಯಲ್ಲಿ, ನಿಧಾನಕ್ಕೆ ಮಾಡಿ ವಾಪಸ್ ಬದಲಿಸಿಬಿಡಿ.

ತೊಂದರೆ ವೀಲ್‌ನಲ್ಲೇ ಇದ್ದರೆ

ನಡುಕದಿಂದ ಶುರು ಮಾಡೋಣ. ಸ್ಟೀರಿಂಗ್ ನಡುಗಿದರೆ ಹೆಚ್ಚಾಗಿ ಮುಂದಿನ ವೀಲ್. ಸೀಟು, ನೆಲ ನಡುಗಿದರೆ ಹಿಂದಿನದು. ಒಂದು ಸ್ಪೀಡಿನಲ್ಲಿ ಶುರುವಾಗಿ, ಅದನ್ನು ದಾಟಿದ ಮೇಲೆ ಕಡಿಮೆಯಾದರೆ ಬ್ಯಾಲೆನ್ಸಿಂಗ್ ಅಥವಾ ವೀಲ್ ಕೂತಿರುವ ರೀತಿ. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಬ್ರೇಕ್ ಡಿಸ್ಕ್ ಕಡೆ ನೋಡಿ. ಹೊಸ ವೀಲ್ ಹಾಕಿದ ಸ್ವಲ್ಪ ದಿನಕ್ಕೆ ಇದು ಶುರುವಾಗಿದ್ದರೆ ನಟ್ಟುಗಳನ್ನು ಗನ್‌ನಲ್ಲಿ ಮನಸೋಇಚ್ಛೆ ಬಿಗಿ ಮಾಡಿದ್ದೂ ಕಾರಣ ಇರಬಹುದು.

ಎರಡು ಸಲ ಬ್ಯಾಲೆನ್ಸಿಂಗ್ ಮಾಡಿಸಿದರೂ ನಡುಕ ಹೋಗದಿದ್ದರೆ ಹಬ್ ರಿಂಗ್ ಕೇಳಿ. ವಿಷಯ ಇಷ್ಟೇ: ಸ್ವಿಫ್ಟ್, ಬಲೆನೋ ಥರದ ಮಾರುತಿ ಕಾರಿನ ಹಬ್ ನಡುವಿನ ಉಬ್ಬು 54.1 ಮಿ.ಮೀ., ಹೋಂಡಾ ಸಿಟಿಯದ್ದು 56.1, ಪೋಲೋದ್ದು 57.1. ಅಲಾಯ್ ಮಾಡುವವರು ಎಲ್ಲ ಕಾರಿಗೂ ಆಗಲಿ ಅಂತ ನಡುವಿನ ತೂತನ್ನು ದೊಡ್ಡದಾಗಿ, ಎಷ್ಟೋ ಸಲ 73.1 ಮಿ.ಮೀ. ಇಟ್ಟಿರುತ್ತಾರೆ. ನಡುವಿನ ಆ ಖಾಲಿ ಜಾಗ ತುಂಬಲು ಒಂದು ಪ್ಲಾಸ್ಟಿಕ್ ಅಥವಾ ಅಲ್ಯೂಮಿನಿಯಂ ಉಂಗುರ ಬೇಕು. ಅದಿಲ್ಲದಿದ್ದರೆ ವೀಲ್ ನಡುವಿಗೆ ಬರುವುದು ಬರೀ ನಟ್ಟುಗಳ ಭರವಸೆಯ ಮೇಲೆ. ಒಂದು ನಟ್ಟನ್ನು ಮೊದಲೇ ಪೂರ್ತಿ ಬಿಗಿ ಮಾಡಿದರೆ ಸಾಕು, ವೀಲ್ ಕೂದಲೆಳೆಯಷ್ಟು ಆಚೆ ಕೂತುಬಿಡುತ್ತದೆ. ಬ್ಯಾಲೆನ್ಸಿಂಗ್ ಮೆಶಿನ್ ಮೇಲೆ ಸರಿ ತೋರಿಸುವ ವೀಲ್ ಕಾರಿನ ಮೇಲೆ ನಡುಗುವುದು ಹೀಗೆ.

ನಟ್ಟುಗಳ ವಿಷಯದಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಮಾರುತಿಯಲ್ಲಿ ನಟ್ಟು ಕೂರುವ ಸ್ಟಡ್‌ನ ಮರೆ (ಥ್ರೆಡ್) 12 ಮಿ.ಮೀ., 1.25 ಪಿಚ್, ಅಂದರೆ ಮರೆಯ ಸುತ್ತುಗಳ ನಡುವೆ 1.25 ಮಿ.ಮೀ. ಅಂತರ. ಹ್ಯುಂಡೈ, ಹೋಂಡಾಗಳಲ್ಲಿ 12 ಮಿ.ಮೀ., ಆದರೆ 1.5 ಪಿಚ್. ಪಿಚ್ ಹೊಂದದ ನಟ್ಟು ಗನ್‌ನಲ್ಲಿ ಹೊಡೆದರೆ ಒಂದೆರಡು ಸುತ್ತು ಹೋಗಿ ಮರೆ ಕೆಡುತ್ತದೆ, ಹೊರಗಿಂದ ಬಿಗಿಯಾದ ಹಾಗೇ ಕಾಣುತ್ತದೆ. ಪೋಲೋ ಥರದ ಕಾರುಗಳ ಕಂಪನಿ ಬೋಲ್ಟ್‌ನ ಕತ್ತು ಗುಂಡಗಿರುತ್ತದೆ, ಹೊರಗಿನ ಅಲಾಯ್‌ಗಳಿಗೆ ಹೆಚ್ಚಾಗಿ ಬೇಕಾದದ್ದು ಚೂಪು ಕತ್ತು. ಇವು ಅದಲುಬದಲಾದರೆ ವೀಲ್ ಸಡಿಲವಾಗುತ್ತದೆ. ಇದು ಹ್ಯಾಂಡ್ಲಿಂಗ್ ಮಾತಲ್ಲ, ಪ್ರಾಣದ ಮಾತು. ಹಬ್‌ನ ಮುಖದ ಮೇಲಿರುವ ತುಕ್ಕನ್ನು ವೈರ್ ಬ್ರಶ್‌ನಲ್ಲಿ ಉಜ್ಜಿ, ನಟ್ಟುಗಳನ್ನು ಮೊದಲು ಕೈಯಲ್ಲಿ ತಿರುಗಿಸಿ, ಎದುರುಬದುರು ಜೋಡಿಯಾಗಿ ಬಿಗಿ ಮಾಡಿ. ಕೊನೆಗೆ ಓನರ್ಸ್ ಮ್ಯಾನ್ಯುಯಲ್‌ನಲ್ಲಿ ಹೇಳಿದಷ್ಟೇ ಟಾರ್ಕ್ ರೆಂಚ್‌ನಲ್ಲಿ ಕೊಡಿ. ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ನೋಡಿ.

ಇನ್ನು ಆಫ್‌ಸೆಟ್. ಹಳೇ ವೀಲ್ 5.5 ಜೆ (ಅಗಲ 5.5 ಇಂಚು), ಇಟಿ 45 ಅಂತ ಇಟ್ಟುಕೊಳ್ಳಿ. ಹೊಸದು 7 ಜೆ, ಇಟಿ 35. ಒಂದೂವರೆ ಇಂಚು ಅಗಲ ಜಾಸ್ತಿ ಅಂದರೆ ಎರಡೂ ಕಡೆಗೆ ತಲಾ 19 ಮಿ.ಮೀ. ಹಂಚಿಹೋಗುತ್ತದೆ. ಅದರ ಮೇಲೆ ಆಫ್‌ಸೆಟ್ ವ್ಯತ್ಯಾಸದ 10 ಮಿ.ಮೀ. ಇಡೀ ವೀಲನ್ನು ಹೊರಗೆ ತಳ್ಳುತ್ತದೆ. ಲೆಕ್ಕ ಹಾಕಿದರೆ ಹೊರ ಅಂಚು 29 ಮಿ.ಮೀ. ಆಚೆ ಬಂತು, ಒಳ ಅಂಚು 9 ಮಿ.ಮೀ. ಸ್ಟ್ರಟ್ ಕಡೆಗೆ ಹೋಯ್ತು. ಒಳಗೆ ಬೆರಳು ಹೋಗುವಷ್ಟು ಜಾಗ ಇದೆಯಾ ನೋಡಿ.

ಉಜ್ಜುವುದು ಕಣ್ಣಿಗೆ ಕಾಣುವ ತೊಂದರೆ. ಕಾಣದ್ದು ಇನ್ನೊಂದಿದೆ. ಸ್ಟೀರಿಂಗ್ ತಿರುಗುವ ಅಕ್ಷದ ಗೆರೆ ನೆಲಕ್ಕೆ ಮುಟ್ಟುವ ಜಾಗಕ್ಕೂ ಟೈರ್‌ನ ನಡುಭಾಗಕ್ಕೂ ಇರುವ ಅಂತರವನ್ನು ಕಂಪನಿಯವರು ಲೆಕ್ಕ ಹಾಕಿ ಇಟ್ಟಿರುತ್ತಾರೆ. ಒಂದು ಕಡೆಯ ಬ್ರೇಕ್ ಕಡಿಮೆ ಹಿಡಿದರೂ ಕಾರು ನೇರ ಹೋಗಲಿ ಅಂತ ಬಹಳಷ್ಟು ಕಾರುಗಳಲ್ಲಿ ಅದನ್ನು ಸೊನ್ನೆಗೆ ಹತ್ತಿರ, ಇಲ್ಲವೇ ಸ್ವಲ್ಪ ಒಳಗೆ ಇಟ್ಟಿರುತ್ತಾರೆ. ವೀಲನ್ನು ಹೊರಗೆ ತಂದಾಗ ಆ ಲೆಕ್ಕ ತಪ್ಪುತ್ತದೆ. ಆಮೇಲೆ ಒಂದು ಚಕ್ರ ಗುಂಡಿಗೆ ಬಿದ್ದರೂ ಸ್ಟೀರಿಂಗ್ ಕೈಯಿಂದ ಕಿತ್ತುಕೊಂಡ ಹಾಗಾಗುತ್ತದೆ. ಬ್ರೇಕ್ ಹಾಕಿದಾಗ ಎಳೆತ, ಒಂದನೇ ಗೇರಿನಲ್ಲಿ ಜೋರಾಗಿ ಎತ್ತಿದಾಗ ಎಳೆತ, ಎಲ್ಲ ಇದರದ್ದೇ. ಇದಕ್ಕೆ ಮದ್ದು ಸರಿಯಾದ ಆಫ್‌ಸೆಟ್‌ನ ವೀಲ್ ಮಾತ್ರ. ವೀಲ್ ಹಿಂದೆ ಸ್ಪೇಸರ್ ಬಿಲ್ಲೆ ಹಾಕಿ ಇನ್ನೂ ಹೊರಗೆ ತಳ್ಳುವವರನ್ನು ಕಂಡರೆ ನನಗೆ ಅಚ್ಚರಿ. ನಿಂತ ಕಾರು ಚೆಂದ ಕಾಣಲಿ ಅಂತ ಓಡುವ ಕಾರನ್ನು ಕೆಡಿಸಿಕೊಳ್ಳುವುದು ಅಂದರೆ ಅದೇ.

ಎತ್ತರ ಅಳೆಯಿರಿ

ಹಳೇ ವೀಲ್‌ನಲ್ಲೂ ತೊಂದರೆ ಹಾಗೇ ಇದೆ ಅನ್ನಿ. ಈಗ ಸಸ್ಪೆನ್ಶನ್ ಸರದಿ. ಸಮತಟ್ಟಾದ ನೆಲದ ಮೇಲೆ ಕಾರು ನಿಲ್ಲಿಸಿ, ಒಂದೆರಡು ಸಲ ಹಿಂದೆ ಮುಂದೆ ಮಾಡಿ. ಟೇಪ್ ಹಿಡಿದು ವೀಲ್‌ನ ನಡುಬಿಂದುವಿನಿಂದ ನೇರ ಮೇಲಕ್ಕೆ ಫೆಂಡರ್ ಅಂಚಿನವರೆಗೆ ಅಳೆಯಿರಿ. ನೆಲದಿಂದ ಅಳೆದರೆ ಟೈರ್ ಗಾಳಿಯ ವ್ಯತ್ಯಾಸವೂ ಸೇರಿಕೊಳ್ಳುತ್ತದೆ. ನಾಲ್ಕೂ ಮೂಲೆಯ ಅಂಕಿ ಬರೆದುಕೊಳ್ಳಿ.

ಒಂದೇ ಆಕ್ಸಲ್‌ನಲ್ಲಿ ಎಡ ಬಲ ಐದಾರು ಮಿ.ಮೀ. ವ್ಯತ್ಯಾಸ ಇದ್ದರೆ ಚಿಂತೆ ಬೇಡ. ಹತ್ತು ಹದಿನೈದು ಇದ್ದರೆ ಎಲ್ಲೋ ಸ್ಪ್ರಿಂಗ್‌ನ ತುದಿ ಸೀಟಿನ ಮೆಟ್ಟಿಲಿಗೆ ಕೂತಿಲ್ಲ, ಇಲ್ಲವೇ ರಬ್ಬರ್ ಪ್ಯಾಡ್ ಬಿಟ್ಟುಹೋಗಿದೆ. ಎತ್ತರ ಹೊಂದಿಸಬಹುದಾದ ಕಾಯ್ಲೋವರ್ ಆದರೆ ಎರಡೂ ಕಡೆ ಒಂದೇ ಅಳತೆಗೆ ಕಾಲರ್ ತಿರುಗಿಸಿಲ್ಲ ಅಂತಲೂ ಆಗಬಹುದು.

ನಮ್ಮಲ್ಲಿ ಎತ್ತರ ತಗ್ಗಿಸುವವರಷ್ಟೇ ಜನ ಏರಿಸುವವರೂ ಇದ್ದಾರೆ. ಹಂಪ್‌ಗೆ ಕಾರಿನ ಹೊಟ್ಟೆ ತಾಗುತ್ತದೆ ಅಂತ ಸ್ಪ್ರಿಂಗ್ ಸುರುಳಿಗಳ ನಡುವೆ ರಬ್ಬರ್ ಬಫರ್ ಸಿಕ್ಕಿಸುತ್ತಾರೆ. ಆ ಬಫರ್ ಕೂತ ಜಾಗದ ಸುರುಳಿ ಕೆಲಸ ಮಾಡುವುದು ಕಡಿಮೆಯಾಗಿ ಸ್ಪ್ರಿಂಗ್ ಗಟ್ಟಿಯಾಗುತ್ತದೆ. ಎಡದಲ್ಲಿ ಮೇಲಿನ ಸುರುಳಿಗೆ, ಬಲದಲ್ಲಿ ನಡುವಿನದಕ್ಕೆ ಹಾಕಿದರೆ ಎರಡು ಕಡೆ ಎರಡು ಥರ. ಮುಂದೆ ಮಾತ್ರ ಹಾಕಿದರೆ ತಿರುವಿನಲ್ಲಿ ಕಾರಿನ ಮೂಗು (ಮುಂಭಾಗ) ಹೊರಗೆ ಓಡುತ್ತದೆ. ಇದನ್ನು ಪತ್ತೆ ಮಾಡುವುದು ಬಹಳ ಸುಲಭ: ತೆಗೆದು ಓಡಿಸಿ.

ಬಾನೆಟ್ ತೆಗೆದು, ಆಮೇಲೆ ಕೆಳಗೆ ಬಗ್ಗಿ

ಬಾನೆಟ್ ತೆಗೆಯಿರಿ. ಎಂಜಿನ್ ಆನ್ ಮಾಡಿ ಮನೆಯವರೊಬ್ಬರಿಗೆ ಸ್ಟೀರಿಂಗನ್ನು ಈ ಕೊನೆಯಿಂದ ಆ ಕೊನೆವರೆಗೆ ನಿಧಾನವಾಗಿ ತಿರುಗಿಸಲು ಹೇಳಿ. ನೀವು ಸ್ಟ್ರಟ್‌ನ ಮೇಲ್ತುದಿ ಹಿಡಿದಿರುವ ಸ್ಟ್ರಟ್ ಮೌಂಟ್ ಮೇಲೆ ಅಂಗೈ ಇಟ್ಟುಕೊಳ್ಳಿ, ಸುರುಳಿಗಳ ನಡುವೆ ಬೆರಳು ಹಾಕಬೇಡಿ. ಎಲ್ಲ ಸರಿ ಇದ್ದರೆ ಸ್ಟ್ರಟ್ ನುಣ್ಣಗೆ ತಿರುಗುತ್ತದೆ. ಮೌಂಟ್ ಬೇರಿಂಗ್ ಹಿಡಿದುಕೊಂಡಿದ್ದರೆ ಸ್ಪ್ರಿಂಗ್ ಸ್ವಲ್ಪ ಸುತ್ತಿಕೊಂಡು, "ಟಂಗ್" ಅಂತ ಜಿಗಿದು ಬಿಡುತ್ತದೆ. ಅಂಗೈಗೆ ಆ ಜಿಗಿತ ಸ್ಪಷ್ಟವಾಗಿ ಗೊತ್ತಾಗುತ್ತದೆ.

ನಮ್ಮ ಭಾವನ ಕಾರಿನಲ್ಲಿ ಹೀಗೇ ಆಗಿತ್ತು. ಬಲಕ್ಕೆ ತಿರುಗಿಸಿದ ಮೇಲೆ ಕಾರು ಬಲಕ್ಕೆ ಎಳೆಯುತ್ತಿತ್ತು, ಎಡಕ್ಕೆ ತಿರುಗಿಸಿದ ಮೇಲೆ ಎಡಕ್ಕೆ. ಅಲೈನ್‌ಮೆಂಟ್ ಶೀಟ್ ಪ್ರತಿ ಸಲವೂ ಹಸಿರು. ಸ್ಪ್ರಿಂಗ್ ಹಾಕಿದ ಗ್ಯಾರೇಜಿನವರು ಎಡ ಬದಿಯ ಬೇರಿಂಗನ್ನು ತಲೆಕೆಳಗಾಗಿ ಕೂರಿಸಿದ್ದರು. ಒಂದೇ ಕಡೆ ಎಳೆದರೆ ಕಾರಣ ಹಲವು ಇರಬಹುದು. ಆದರೆ ಕೊನೆಗೆ ಯಾವ ಕಡೆ ತಿರುಗಿಸಿದಿರೋ ಆ ಕಡೆಗೇ ಎಳೆದರೆ ಮೊದಲ ಅನುಮಾನ ಮೌಂಟ್ ಬೇರಿಂಗ್ ಮೇಲೇ ಇರಲಿ. ಆಮೇಲೆ ಬಾಲ್ ಜಾಯಿಂಟ್, ಅಂದರೆ ಚಕ್ರದ ಬಳಿಯ ಗುಂಡು ಕೀಲು.

ಈಗ ಕಾರಿನ ಕೆಳಗೆ. ಜಾಕ್ ಒಂದನ್ನೇ ನಂಬಿ ಕೆಳಗೆ ತೂರಬೇಡಿ. ಸ್ಟ್ಯಾಂಡ್ ಇಲ್ಲದಿದ್ದರೆ ಲಿಫ್ಟ್ ಇರುವ ಗ್ಯಾರೇಜಿಗೇ ಹೋಗಿ.

ಇಲ್ಲಿ ನೋಡಬೇಕಾದ ಮುಖ್ಯ ಸಂಗತಿ ಚಕ್ರವನ್ನು ಕೆಳಗಿನಿಂದ ಕಾರಿಗೆ ಜೋಡಿಸುವ ಲೋಯರ್ ಆರ್ಮ್‌ನ ಬುಶ್. ಅದರ ಒಳಗಿನ ಕಬ್ಬಿಣದ ಕೊಳವೆ ಬೋಲ್ಟ್ ಬಿಗಿ ಮಾಡಿದಾಗ ಕಾರಿನ ಚೌಕಟ್ಟಿಗೆ ಅಂಟಿಕೊಳ್ಳುತ್ತದೆ. ಆರ್ಮ್ ಮೇಲೆ ಕೆಳಗೆ ಆಡುವಾಗ ನಡುವಿನ ರಬ್ಬರ್ ತಿರುಚಿಕೊಂಡು ಆಡಬೇಕು, ಜಾರುವುದಿಲ್ಲ. ಕಾರು ಎತ್ತಿ, ಚಕ್ರ ಕೆಳಗೆ ನೇತಾಡುತ್ತಿರುವಾಗಲೇ ಆ ಬೋಲ್ಟ್ ಬಿಗಿ ಮಾಡಿದರೆ ಏನಾಗುತ್ತದೆ? ಕಾರು ಇಳಿಸಿದ ಕ್ಷಣದಿಂದ ರಬ್ಬರ್ ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡೇ ಇರುತ್ತದೆ. ಒಂದು ಕಡೆ ಜಾಸ್ತಿ, ಇನ್ನೊಂದು ಕಡೆ ಕಡಿಮೆ ತಿರುಚಿದ್ದರೆ ಎತ್ತರದಲ್ಲೂ ವ್ಯತ್ಯಾಸ, ಎಳೆತವೂ ಬೇರೆ. ಸಣ್ಣ ಗುಂಡಿಗೂ ಕಾರು ಕುಟ್ಟುತ್ತದೆ, ಬುಶ್ ಬೇಗ ಹರಿಯುತ್ತದೆ. ಲೋವರಿಂಗ್ ಸ್ಪ್ರಿಂಗ್ ಹಾಕುವಾಗ ಈ ಬೋಲ್ಟನ್ನು ಮುಟ್ಟದೇ ಬಿಟ್ಟರೂ ತಪ್ಪೇ. ಹಳೇ ಎತ್ತರಕ್ಕೆ ಬಿಗಿಯಾಗಿದ್ದ ಬುಶ್ ಹೊಸ ಎತ್ತರದಲ್ಲಿ ತಿರುಚಿಕೊಂಡೇ ಕೂರುತ್ತದೆ.

ಪರಿಹಾರಕ್ಕೆ ಬಿಡಿಭಾಗ ಏನೂ ಬೇಡ. ಚಕ್ರಗಳ ಮೇಲೆ ಕಾರಿನ ಪೂರ್ತಿ ಭಾರ ಬಿದ್ದಿರುವಾಗ ಆರ್ಮ್‌ನ ಬುಶ್ ಬೋಲ್ಟ್‌ಗಳನ್ನು ಸಡಿಲ ಮಾಡಿ, ಕಾರನ್ನು ಒಂದೆರಡು ಸಲ ಅದುಮಿ, ಅದೇ ಸ್ಥಿತಿಯಲ್ಲಿ ಹೇಳಿದ ಟಾರ್ಕ್‌ಗೆ ಬಿಗಿ ಮಾಡಬೇಕು. ಹಿಂದಿನ ಬೀಮ್‌ನ ಎರಡು ದೊಡ್ಡ ಬುಶ್‌ಗಳಿಗೂ ಇದೇ ಕ್ರಮ. ನಾಲ್ಕು ಕಂಬದ ಲಿಫ್ಟ್ ಅಥವಾ ಅಲೈನ್‌ಮೆಂಟ್ ಪಿಟ್ ಇರುವ ಕಡೆ ಇದು ಸುಲಭ. "ಬೋಲ್ಟನ್ನು ಚಕ್ರದ ಮೇಲೆ ಭಾರ ಹಾಕಿ ಟೈಟ್ ಮಾಡಿದ್ರಾ?" ಅಂತ ಕೇಳಿ ನೋಡಿ. ಉತ್ತರದಿಂದಲೇ ಆ ಗ್ಯಾರೇಜಿನ ಕೈಚಳಕ ತಿಳಿಯುತ್ತದೆ.

ಲಿಂಕ್ ರಾಡ್, ಬಾಲ್ ಜಾಯಿಂಟ್, ಟೈ ರಾಡ್ (ಸ್ಟೀರಿಂಗ್‌ನಿಂದ ಚಕ್ರಕ್ಕೆ ಹೋಗುವ ಸರಳು) ತುದಿಗಳನ್ನು ಕೈಯಲ್ಲಿ ಅಲ್ಲಾಡಿಸಿ ನೋಡಿ. ಆಟ ಇದ್ದರೆ ಮೊದಲು ಅದನ್ನು ಬದಲಿಸಿ. ಸ್ಟ್ರಟ್ಟನ್ನು ನಕಲ್‌ಗೆ (ಹಬ್ ಹೊರುವ ಭಾಗಕ್ಕೆ) ಹಿಡಿದಿರುವ ಎರಡು ದಪ್ಪ ಬೋಲ್ಟ್‌ಗಳನ್ನೂ ಮರೆಯಬೇಡಿ. ಅವುಗಳ ತೂತಿನಲ್ಲಿ ಸ್ವಲ್ಪ ಜಾಗ ಇರುತ್ತದೆ. ಬಿಚ್ಚಿ ಹಾಕಿದಾಗ ಎಡದಲ್ಲಿ ಒಂದು ಥರ, ಬಲದಲ್ಲಿ ಒಂದು ಥರ ಕೂತರೆ ಕ್ಯಾಂಬರ್, ಅಂದರೆ ಮುಂದಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವ ಕೋನ, ಬದಲಾಗುತ್ತದೆ.

ಅಲ್ಲೇ ಇರುವಾಗ, ಕಾರಿನ ಭಾರ ಚಕ್ರದ ಮೇಲಿದ್ದರೆ, ಲೋಯರ್ ಆರ್ಮ್ ಯಾವ ಕಡೆ ವಾಲಿದೆ ನೋಡಿ. ಚಕ್ರದ ಕಡೆಯ ತುದಿ ಒಳತುದಿಗಿಂತ ಮೇಲೆ ಹೋಗಿದ್ದರೆ ಕಾರನ್ನು ಅಳತೆ ಮೀರಿ ತಗ್ಗಿಸಿದ್ದೀರಿ. ತಿರುವಿನಲ್ಲಿ ಕಾರು ತಗ್ಗಾಗಿದ್ದರೂ ಮೊದಲಿಗಿಂತ ಜಾಸ್ತಿ ವಾಲಿದ ಹಾಗೆ ಅನಿಸುತ್ತದಲ್ಲ, ಅದಕ್ಕೆ ಕಾರಣ ಇದೇ. ಟೈ ರಾಡ್‌ನ ಕೋನವೂ ಕೆಟ್ಟಿದ್ದರೆ ಚಕ್ರ ಮೇಲೆ ಕೆಳಗೆ ಆಡಿದಾಗಲೆಲ್ಲ ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರದ ಮುಂತುದಿ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ, ಬದಲಾಗುತ್ತದೆ. ಸ್ಟೀರಿಂಗ್ ನೇರ ಹಿಡಿದಿದ್ದರೂ, ಒಂದು ಬದಿಯ ಚಕ್ರ ಮಾತ್ರ ಉಬ್ಬಿಗೆ ಹತ್ತಿದಾಗ ಕಾರು ಪಕ್ಕಕ್ಕೆ ನೆಗೆಯುತ್ತದೆ. ಹತ್ತು ಹದಿನೈದು ಮಿ.ಮೀ. ಎತ್ತರ ವಾಪಸ್ ಕೊಟ್ಟರೆ ಸಾಕು, ಎಷ್ಟೋ ಕಾರುಗಳು ಮತ್ತೆ ಮನುಷ್ಯರ ಹಾಗೆ ಓಡುತ್ತವೆ.

ಶಾಕ್ ಅಬ್ಸಾರ್ಬರ್‌ಗೆ ಒಂದು ಕೇಬಲ್ ಟೈ

ಗಟ್ಟಿ ಸ್ಪ್ರಿಂಗ್, ಹಳೇ ಶಾಕ್ಸ್: ಇದು ನಮ್ಮಲ್ಲಿ ತುಂಬ ಕಾಣುವ ಜೋಡಿ, ದುಡ್ಡು ಉಳಿಯುತ್ತದಲ್ಲ. ಹಂಪ್ ದಾಟಿದ ಮೇಲೆ ಕಾರು ಒಂದು ಸಲ ಎದ್ದು ಕೂತು ಸುಮ್ಮನಾಗಬೇಕು. ಎರಡು ಮೂರು ಸಲ ಕುಣಿದರೆ ಸ್ಪ್ರಿಂಗನ್ನು ಹಿಡಿಯುವ ಶಕ್ತಿ ಶಾಕ್ಸ್‌ಗೆ ಇಲ್ಲ. ಸೇತುವೆಯ ಜಾಯಿಂಟ್‌ಗಳ ಮೇಲೆ ವೇಗವಾಗಿ ಹೋಗುವಾಗ ಕಾರು ತೇಲಿದ ಹಾಗಾಗುವುದೂ ಇದಕ್ಕೇ.

ಎರಡನೇ ಪ್ರಶ್ನೆ, ಸಸ್ಪೆನ್ಶನ್‌ಗೆ ಕೆಳಗೆ ಹೋಗಲು ಜಾಗ ಉಳಿದಿದೆಯೇ ಅನ್ನುವುದು. ಶಾಕ್‌ನ ಹೊಳೆಯುವ ರಾಡ್‌ಗೆ ಧೂಳಿನ ಕವರ್ ಮೇಲೆತ್ತಿ ಒಂದು ಸಣ್ಣ ಪ್ಲಾಸ್ಟಿಕ್ ಕೇಬಲ್ ಟೈ ಕಟ್ಟಿ, ಕೆಳಗಿನ ಸಿಲಿಂಡರ್‌ಗೆ ತಾಗುವ ಹಾಗೆ ಸರಿಸಿ. ದಿನಾ ಹೋಗುವ ದಾರಿಯಲ್ಲಿ ದಿನಾ ಓಡಿಸುವ ಹಾಗೇ ಓಡಿಸಿ ಬನ್ನಿ. ಸಸ್ಪೆನ್ಶನ್ ಕುಸಿದಾಗ ಸಿಲಿಂಡರ್ ಆ ಟೈಯನ್ನು ಮೇಲಕ್ಕೆ ತಳ್ಳಿರುತ್ತದೆ. ಅದು ಬಂಪ್ ಸ್ಟಾಪ್‌ಗೆ ಒತ್ತಿಕೊಂಡು ಕೂತಿದ್ದರೆ ನಿಮ್ಮ ಕಾರು ಸ್ಪ್ರಿಂಗ್ ಮೇಲಲ್ಲ, ಆ ರಬ್ಬರ್ ತುಂಡಿನ ಮೇಲೆ ಓಡುತ್ತಿದೆ.

ಇದು ಬರೀ ಕುಲುಕಾಟದ ಮಾತಲ್ಲ. ಚಾರ್ಮಾಡಿ, ಆಗುಂಬೆ ಥರದ ಘಾಟಿಯ ತಿರುವಿನಲ್ಲಿ ಕಾರು ವಾಲಿ, ಹೊರಗಿನ ಮುಂದಿನ ಶಾಕ್ ಬಂಪ್ ಸ್ಟಾಪ್‌ಗೆ ತಾಗಿತು ಅನ್ನಿ. ಆ ಮೂಲೆ ಒಂದೇ ಸಲ ಕಲ್ಲಿನಷ್ಟು ಗಟ್ಟಿಯಾಗುತ್ತದೆ, ಮುಂದಿನ ಟೈರ್ ಹಿಡಿತ ಬಿಟ್ಟು ಮೂಗು ಹೊರಗೆ ಹೋಗುತ್ತದೆ. ಹಿಂದಿನದು ತಾಗಿದರೆ ಹಿಂಭಾಗ ಜಾರುತ್ತದೆ, ಮಳೆಯಲ್ಲಿ ಇದು ಅಪಾಯ. ತಿರುವಿನ ನಡುವೆ ಹಿಡಿತ ದಿಢೀರ್ ಅಂತ ತಪ್ಪುತ್ತಿದ್ದರೆ ಟೈರ್‌ಗೆ ಬೈಯುವ ಮುಂಚೆ ಕೇಬಲ್ ಟೈ ನೋಡಿ. ಬಂಪ್ ಸ್ಟಾಪ್ ಕತ್ತರಿಸಬೇಕೋ ಬೇಡವೋ, ಎಷ್ಟು ಕತ್ತರಿಸಬೇಕು ಅನ್ನುವುದನ್ನು ಸ್ಪ್ರಿಂಗ್ ಮಾಡಿದವರ ಚೀಟಿಯಲ್ಲಿ ಹೇಳಿರುತ್ತಾರೆ. ತೋಚಿದಷ್ಟು ಕತ್ತರಿಸಬೇಡಿ.

ಶಾಕ್ಸ್‌ನಲ್ಲಿ ಗಟ್ಟಿ, ಮೃದು ಹೊಂದಿಸುವ ಗುಂಡಿ ಇದ್ದರೆ ನಾಲ್ಕನ್ನೂ ಒಂದು ಕೊನೆಗೆ ತಿರುಗಿಸಿ ಅಲ್ಲಿಂದ ಕ್ಲಿಕ್ ಎಣಿಸಿ. ಎಡ ಬಲ ಒಂದೇ ಇರಲಿ. ಇಲ್ಲಿ ಗಟ್ಟಿ ಮಾಡಿದಷ್ಟೂ ಒಳ್ಳೆಯದು ಅನ್ನುವ ನಂಬಿಕೆ ಬಹಳ. ನಮ್ಮ ರಸ್ತೆಗೆ ಅದು ಉಲ್ಟಾ. ಚಕ್ರ ಗುಂಡಿಯ ಆಕಾರ ಹಿಡಿಯದೆ ಮೇಲೆ ಮೇಲೆ ಹಾರುತ್ತದೆ, ಹಾರಿದಷ್ಟು ಹೊತ್ತು ಹಿಡಿತ ಇಲ್ಲ.

ಈಗ ಅಲೈನ್‌ಮೆಂಟ್

ಹೊಸ ಸ್ಪ್ರಿಂಗ್ ಸ್ವಲ್ಪ ಓಡಿ ಕೂತ ಮೇಲೆ ಹೋಗಿ. ಗಾಳಿ ಸರಿ ಇರಲಿ, ಡಿಕ್ಕಿಯಲ್ಲಿರುವ ಸಾಮಾನು ಇಳಿಸಿ. ಅಂಗಡಿಯಲ್ಲಿ ಎರಡು ಮಾತು ಮೊದಲೇ ಹೇಳಿ: ಹೊಂದಿಸುವ ಮುಂಚಿನ ಮತ್ತು ನಂತರದ ಎರಡೂ ಶೀಟ್ ಬೇಕು, ನಾಲ್ಕೂ ಚಕ್ರದ್ದು ಬೇಕು.

ಹಸಿರು ಬಣ್ಣ ನೋಡಿ ಸಮಾಧಾನ ಪಡಬೇಡಿ. ಪ್ರತಿ ಅಳತೆಗೂ ಕಂಪನಿ ಒಂದು ವ್ಯಾಪ್ತಿ ಕೊಟ್ಟಿರುತ್ತದೆ. ಎಡಗಡೆಯದು ಆ ವ್ಯಾಪ್ತಿಯ ಒಂದು ಕೊನೆಯಲ್ಲಿ, ಬಲಗಡೆಯದು ಇನ್ನೊಂದು ಕೊನೆಯಲ್ಲಿ ಇದ್ದರೂ ಎರಡೂ ಹಸಿರೇ. ಕಾರು ಮಾತ್ರ ಎಳೆಯುತ್ತದೆ. ಆದ್ದರಿಂದ ಎಡ ಬಲದ ವ್ಯತ್ಯಾಸ ಓದಿ. ಕ್ಯಾಂಬರ್‌ನಲ್ಲಿ ಅರ್ಧ ಡಿಗ್ರಿಗಿಂತ, ಅಂದರೆ 30 ಮಿನಿಟ್‌ಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಅನುಮಾನ ಪಡಿ. ಎಡ ಮೈನಸ್ 0 ಡಿಗ್ರಿ 30 ಮಿನಿಟ್, ಬಲ ಮೈನಸ್ 1 ಡಿಗ್ರಿ 40 ಮಿನಿಟ್ ಅಂತ ಬಂದಿದೆ ಅನ್ನಿ. ಕಾರು ಎಳೆಯುವುದು ಎಡಕ್ಕೆ, ಯಾಕೆಂದರೆ ಮೈನಸ್ ಕಡಿಮೆ ಇರುವುದು ಆ ಕಡೆ. ಕ್ಯಾಸ್ಟರ್‌ನಲ್ಲಿ (ಸ್ಟೀರಿಂಗ್ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಕಡಿಮೆ ಅಂಕಿ ಇರುವ ಕಡೆಗೆ ಎಳೆಯುತ್ತದೆ.

ಮುಂದಿನ ಟೋ ತಪ್ಪಿದರೆ ಸಾಮಾನ್ಯವಾಗಿ ಎಳೆತ ಬರುವುದಿಲ್ಲ, ಅಲೆದಾಟ ಬರುತ್ತದೆ. ಟೋ ಹೊರಗೆ ತೆರೆದಿದ್ದರೆ ಕಾರು ನೇರ ನಿಲ್ಲದೆ ಪ್ರತಿ ಸಣ್ಣ ಉಬ್ಬಿಗೂ ದಿಕ್ಕು ಬದಲಿಸುತ್ತದೆ, ಟೈರ್‌ನ ಒಳ ಅಂಚು ಬೇಗ ಸವೆಯುತ್ತದೆ. ಅತಿಯಾಗಿ ಒಳಗಿದ್ದರೆ ಹೊರ ಅಂಚು. ಟೈರ್ ಮೇಲೆ ಅಡ್ಡಡ್ಡ ಅಂಗೈ ಸವರಿ ನೋಡಿ. ಒಂದು ದಿಕ್ಕಿಗೆ ನುಣುಪಾಗಿ ಹೋಗಿ, ವಾಪಸ್ ತರುವಾಗ ಚುಚ್ಚಿದರೆ ಟೋ ತಪ್ಪಿದೆ. ಶೀಟ್ ಬೇಕಾಗೇ ಇಲ್ಲ.

ಹಿಂದಿನ ಟಾರ್ಶನ್ ಬೀಮ್‌ನಲ್ಲಿ ಸಾಮಾನ್ಯವಾಗಿ ಹೊಂದಿಸಲು ಏನೂ ಇರುವುದಿಲ್ಲ. ಆದರೂ ಅಂಕಿ ಬೇಕು. ಬೀಮ್ ಓರೆ ಕೂತಿದ್ದರೆ ಥ್ರಸ್ಟ್ ಆ್ಯಂಗಲ್ (ಹಿಂದಿನ ಚಕ್ರಗಳ ದಿಕ್ಕಿಗೂ ಕಾರಿನ ನಡುಗೆರೆಗೂ ಇರುವ ಕೋನ) ಸೊನ್ನೆಯಿಂದ ದೂರ ಇರುತ್ತದೆ. ಕಾರು ನೇರ ಹೋಗಲು ಸ್ಟೀರಿಂಗ್ ಓರೆ ಹಿಡಿಯಬೇಕಾಗುತ್ತದೆ. ಬುಶ್ ಬೋಲ್ಟ್ ಸಡಿಲಿಸಿ ಬೀಮ್ ನೇರ ಮಾಡಿದರೆ ಸರಿಹೋಗಬಹುದು, ಬೀಮೇ ಬಾಗಿದ್ದರೆ ಹಬ್ ಹಿಂದೆ ತೆಳು ತಗಡಿನ ಶಿಮ್ ಹಾಕಬೇಕಾಗುತ್ತದೆ.

ಮುಂದೆ ಕ್ಯಾಂಬರ್ ಹೊಂದಿಸಲು ಕಂಪನಿ ಅವಕಾಶ ಕೊಟ್ಟಿಲ್ಲದಿದ್ದರೆ ಕ್ಯಾಂಬರ್ ಬೋಲ್ಟ್ ಸಿಗುತ್ತದೆ. ಮೊದಲು ಕ್ಯಾಂಬರ್, ಕೊನೆಗೆ ಟೋ. ಉಲ್ಟಾ ಮಾಡಿದರೆ ಟೋ ಮತ್ತೆ ಕೆಡುತ್ತದೆ. ಕಾರು ಜಾರದಂತೆ ತಡೆಯುವ ಇಎಸ್‌ಪಿ ಇರುವ ಕಾರಾದರೆ ಅಲೈನ್‌ಮೆಂಟ್ ಆದ ಮೇಲೆ ಸ್ಟೀರಿಂಗ್ ಆ್ಯಂಗಲ್ ಸೆನ್ಸರನ್ನು ಸ್ಕ್ಯಾನರ್‌ನಲ್ಲಿ ಸೊನ್ನೆ ಮಾಡಿಸಿ, ಇಲ್ಲದಿದ್ದರೆ ಕಾರು ನೇರ ಹೋಗುತ್ತಿದ್ದರೂ ತಿರುಗುತ್ತಿದೆ ಅಂತ ಅದು ತಿಳಿಯುತ್ತದೆ.

ಇಷ್ಟಾದ ಮೇಲೂ ಮೂಗು ಹೊರಗೆ ಹೋದರೆ

ಕಾರು ನೇರ ಓಡುತ್ತಿದೆ, ನಡುಕ ಇಲ್ಲ, ತಿರುವಿನಲ್ಲಿ ಮಾತ್ರ ಮುಂಭಾಗ ಜಾರುತ್ತದೆ ಅಂದರೆ ಅದು ಹಿಂದೆ ಮುಂದಿನ ಸಮತೋಲನದ ವಿಷಯ. ಮುಂದೆ ಮಾತ್ರ ಗಟ್ಟಿ ಸ್ಪ್ರಿಂಗ್ ಹಾಕಿದ್ದೀರಾ? ಅದನ್ನು ಮೊದಲು ಯೋಚಿಸಿ. ಹಿಂದೆ ಕಾರು ವಾಲುವುದನ್ನು ತಡೆಯುವ ದಪ್ಪ ಆ್ಯಂಟಿ ರೋಲ್ ಬಾರ್ ಹಾಕಿದರೆ ಮೂಗು ಒಳಗೆ ಬರುತ್ತದೆ, ಆದರೆ ಒದ್ದೆ ರಸ್ತೆಯ ತಿರುವಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಹಿಂಭಾಗ ಜಾರುವುದು ಜಾಸ್ತಿ ಆಗುತ್ತದೆ. ಮಲೆನಾಡಿನ ಮಳೆಯಲ್ಲಿ ಓಡಿಸುವವರಿಗೆ ನಾನು ಅದನ್ನು ಹೇಳುವುದಿಲ್ಲ. ಎರಡೇ ಹೊಸ ಟೈರ್ ಕೊಂಡಿದ್ದರೆ ಅವನ್ನು ಹಿಂದೆ ಹಾಕಿ, ಮುಂದಲ್ಲ.

ಏನೇ ಬದಲಿಸಿದರೂ ಒಂದು ಸಲಕ್ಕೆ ಒಂದೇ. ಎರಡು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯ್ತು ಅಂತ ಗೊತ್ತಾಗುವುದಿಲ್ಲ, ಕೆಟ್ಟರಂತೂ ಮುಗೀತು.

ಇನ್ನು ಎರಡು ಸಣ್ಣ ಕೆಲಸ. ಕಾರಿನ ಎತ್ತರ ಬದಲಾದ ಮೇಲೆ ಹೆಡ್‌ಲೈಟ್‌ನ ಗುರಿ ಮತ್ತೆ ಹೊಂದಿಸಿಕೊಳ್ಳಿ, ಮುಂದೆ ತಗ್ಗಿದ್ದರೆ ಬೆಳಕು ಹತ್ತಿರದಲ್ಲೇ ಬೀಳುತ್ತದೆ, ಹಿಂದೆ ತಗ್ಗಿದ್ದರೆ ಎದುರಿನವರ ಕಣ್ಣಿಗೆ. ಇನ್ಶೂರೆನ್ಸ್ ಕಂಪನಿಗೆ ಬದಲಾವಣೆಗಳನ್ನು ಬರವಣಿಗೆಯಲ್ಲಿ ತಿಳಿಸಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಾಹನದಲ್ಲಿ ಮಾಡುವ ಬದಲಾವಣೆಗಳ ಬಗ್ಗೆಯೇ ಇದೆ. ನಿಮ್ಮ ಕಾರಿನಲ್ಲಿ ಮಾಡಿಸಿದ್ದು ಅದರೊಳಗೆ ಬರುತ್ತದೆಯೇ ಅಂತ ಆರ್‌ಟಿಓದಲ್ಲಿ ಮೊದಲೇ ಕೇಳಿಟ್ಟುಕೊಳ್ಳಿ, ಕ್ಲೇಮ್ ಹಾಕುವ ದಿನ ಅಲ್ಲ.